ಜಾತ್ರೆ ಮುಗಿದ ಮೇಲೂ ಹಸಿವು ಇರುತ್ತದೆ

ಸಿಟ್ಟು ಇಳಿಯುವ ಮೊದಲೇ ಬರೆಯುತ್ತಿದ್ದೇನೆ. ಇವತ್ತು ಬೆಳಿಗ್ಗೆ ನಮ್ಮ ಓಣಿಯಲ್ಲಿ ಸಭೆ ಸೇರಿತ್ತು. ರಾಮನವಮಿಯ ಅನ್ನಸಂತರ್ಪಣೆಗೆ ಪಟ್ಟಿ ಎತ್ತಿದರು. ಅಕ್ಕಿ, ಬೆಲ್ಲ, ತುಪ್ಪ, ಎಲ್ಲಕ್ಕೂ ನೋಡನೋಡುತ್ತಲೇ ಹೆಸರು ಬಂತು. ಸಂತೋಷ. ಆಮೇಲೆ ನಾನು, ಕೂಲಿ ಮನೆಗಳಿಗೆ ಎರಡು ತಿಂಗಳಿಗಾಗುವಷ್ಟು ಬೇಳೆ, ಎಣ್ಣೆ, ಜೋಳ ಕೂಡಿಸಿಡೋಣ ಅಂದೆ. ಒಬ್ಬರೂ ತಲೆ ಎತ್ತಲಿಲ್ಲ.

ಗಂಗಾವತಿ ಕಡೆಯವರಿಗೆ ಪರಿಸ್ಥಿತಿ ಬಿಡಿಸಿ ಹೇಳಬೇಕಿಲ್ಲ. 2024ರ ಆಗಸ್ಟ್‌ನಲ್ಲಿ ತುಂಗಭದ್ರಾ ಡ್ಯಾಮಿನ 19ನೇ ಗೇಟು ಕೊಚ್ಚಿಹೋಯಿತು. ಹಳೇ ಗೇಟುಗಳನ್ನೆಲ್ಲ ಬದಲಿಸಬೇಕು ಅಂತ ಈ ಸಲ ಎರಡನೇ ಬೆಳೆಗೆ ನೀರು ಬಿಡಲಿಲ್ಲ. ಗೇಟು ಬದಲಾಗಲೇಬೇಕು, ಅದಕ್ಕೆ ನನ್ನ ತಕರಾರಿಲ್ಲ. ಆದರೆ ಭತ್ತ ಇಲ್ಲ ಅಂದರೆ ನಾಟಿ ಇಲ್ಲ, ಕಳೆ ಕೀಳುವ ಕೆಲಸ ಇಲ್ಲ, ಹಮಾಲಿ ಇಲ್ಲ. ಕೂಲಿಯವರ ಕೈಯಲ್ಲಿ ಸಂತೆಗೆ ರೊಕ್ಕ ಎಲ್ಲಿಂದ ಬರಬೇಕು?

ನಾವು ಕೊಡಲಾರದ ಜನ ಅಲ್ಲ. ಅದಕ್ಕೇ ನನಗೆ ಇಷ್ಟು ಸಂಕಟ. ಜನವರಿಯಲ್ಲಿ ಕೊಪ್ಪಳದ ಗವಿಮಠದ ಜಾತ್ರೆಗೆ ಹಳ್ಳಿಹಳ್ಳಿಯಿಂದ ಟ್ರ್ಯಾಕ್ಟರುಗಟ್ಟಲೆ ಜೋಳದ ರೊಟ್ಟಿ ಬರುತ್ತವೆ. ಮಾದಲಿ, ಕಾಳು, ಕಾಯಿಪಲ್ಯ ಬರುತ್ತವೆ. ಯಾರೂ ಬಲವಂತ ಮಾಡುವುದಿಲ್ಲ. ಓಣಿಯ ಹೆಣ್ಣುಮಕ್ಕಳೆಲ್ಲ ಕೂಡಿ ರೊಟ್ಟಿ ಬಡಿಯುವುದನ್ನು ನೋಡಿದರೆ ಕಣ್ಣು ತುಂಬುತ್ತದೆ. ಅದೇ ಕೈಗಳು ಮಾರ್ಚ್, ಏಪ್ರಿಲ್‌ನಲ್ಲಿ ಯಾಕೆ ಹಿಂದೆ ಸರಿಯುತ್ತವೆ? ಹಬ್ಬಕ್ಕೆ ಕೊಡುತ್ತೇವೆ, ಕೆಲಸವಿಲ್ಲದ ತಿಂಗಳಿಗೆ ಕೊಡುವುದಿಲ್ಲ. ನಮ್ಮ ಹಿರಿಯರು ಹಾಗಿರಲಿಲ್ಲ. ಜೋಳವನ್ನು ಹಗೇವಿನಲ್ಲಿ, ಅಂದರೆ ನೆಲದೊಳಗಿನ ಕಣಜದಲ್ಲಿ ತುಂಬಿಟ್ಟು, ಮಳೆ ಕೈಕೊಟ್ಟ ವರ್ಷ ಅದರ ಬಾಯಿ ತೆಗೆಯುತ್ತಿದ್ದರು. ಬರ ಬರುತ್ತದೆ ಅಂತ ಅವರಿಗೆ ಮೊದಲೇ ಗೊತ್ತಿತ್ತು. ಈ ಸಲ ನಮಗೂ ಮೊದಲೇ ಗೊತ್ತಿತ್ತು, ಅಲ್ವಾ?

"ಅಕ್ಕಾರ, ಸರ್ಕಾರ ರೇಷನ್ ಕೊಡ್ತೈತಲ್ರೀ" ಅಂದರು ಒಬ್ಬರು. ಕೊಡುತ್ತದೆ. 2013ರಿಂದ ಅನ್ನಭಾಗ್ಯ ಎಷ್ಟೋ ಮನೆಗಳ ಒಲೆ ಹಚ್ಚಿದೆ, ಅದನ್ನು ಹಗುರವಾಗಿ ಮಾತಾಡುವವಳಲ್ಲ ನಾನು. ಆದರೆ ಕಾರ್ಡಿಗೆ ಇನ್ನೂ ಹೆಸರು ಸೇರದ ಸೊಸೆ ಏನು ಮಾಡಬೇಕು? ದುಡಿದು ಬೆರಳು ಸವೆದು, ಯಂತ್ರದಲ್ಲಿ ಹೆಬ್ಬೆಟ್ಟು ಹೊಂದದ ಅಜ್ಜಿ ಏನು ಮಾಡಬೇಕು? ಸರ್ಕಾರದ ಹೆಸರು ಹೇಳಿ ನಾವು ಕೈ ತೊಳೆದುಕೊಳ್ಳುವ ಮಾತು ಇದು, ಅಷ್ಟೇ.

ನಮ್ಮವ್ವ ನಾಟಿಗೆ ಹೋಗಿ ನನ್ನನ್ನು ಓದಿಸಿದ್ದು ನಿಮಗೆಲ್ಲ ಗೊತ್ತು. ಕೆಲಸವಿಲ್ಲದ ದಿನಗಳಲ್ಲಿ ಅವಳು ಜೋಳ ಕಡ ಕೇಳಲು ಹೋಗುತ್ತಿದ್ದುದು ಕತ್ತಲಾದ ಮೇಲೆ. ಇದನ್ನು ನಾನು ಯಾರಿಗೂ ಹೇಳಿರಲಿಲ್ಲ. ಸೆರಗಿನಲ್ಲಿ ಸೇರು ಮುಚ್ಚಿಕೊಂಡು ಹೋಗುತ್ತಿದ್ದಳು. ಹಾಗಾಗಿ ಮೈಕ್ ಹಾಕಿ, ಸಾಲು ನಿಲ್ಲಿಸಿ, ಫೋಟೋ ಹೊಡೆದು ಕೊಡುವುದು ನನಗೆ ಬೇಡವೇ ಬೇಡ.

ಸಭೆ ಒಪ್ಪಲಿಲ್ಲ, ಆದರೂ ನಾವು ನಾಲ್ಕು ಮನೆಯವರು ಶುರು ಮಾಡುತ್ತಿದ್ದೇವೆ. ಕಿರಾಣಿ ಅಂಗಡಿಯಲ್ಲಿ ಒಂದು ಖಾತೆ ಇರುತ್ತದೆ. ಬೇಕಾದವರು ಎಲ್ಲರ ಹಾಗೇ ಹೋಗಿ ಸಾಮಾನು ತರುತ್ತಾರೆ, ಲೆಕ್ಕ ನಾವು ತೀರಿಸುತ್ತೇವೆ. ಅಂಗಡಿಯವರು ಹೋಲ್‌ಸೇಲ್ ದರಕ್ಕೇ ಕೊಡುತ್ತೇನೆ ಅಂದಿದ್ದಾರೆ. ಸೇರುವವರು ನನಗೆ ಫೋನ್ ಮಾಡಿ. ರೊಕ್ಕದ ಬದಲು ಕಾಳು ಕೊಡುವವರು ನಮ್ಮ ಮನೆಗೇ ತಂದುಕೊಡಿ. ಹುಳ ಬಿದ್ದ ಬೇಳೆ, ಹಳೇ ಹಿಟ್ಟು ಬೇಡ. ನಿಮ್ಮ ಮನೆಯಲ್ಲಿ ಉಣ್ಣುವುದನ್ನೇ ತನ್ನಿ.