ತೊಳೆಯೋದಕ್ಕೂ ವಾಷಿಂಗ್ಟನ್‌ಗೂ ಸಂಬಂಧವಿಲ್ಲ

ಲೇಖನ ಚೆನ್ನಾಗಿದೆ ಸರ್. ಆದರೆ ವಾಷಿಂಗ್ಟನ್ ಅಂದರೆ 'ಬಟ್ಟೆ ಒಗೆಯುವವರ ಊರು' ಅಂತ ಬರೆದಿದ್ದೀರಲ್ಲ, ಅದೊಂದು ತಪ್ಪು. ಹಳೆ ಇಂಗ್ಲಿಷಿನಲ್ಲಿ 'ಟೂನ್' ಅಂದರೆ ಹೊಲ-ಮನೆ ಇರುವ ಜಾಗ, 'ಇಂಗ್' ಅಂದರೆ ಒಬ್ಬನ ಕಡೆಯವರು. ವಾಸ್ಸ ಅನ್ನುವವನ ಕಡೆಯವರ ಜಮೀನು ಅಂತ ಅರ್ಥ.

ಈ ಮೂಲ ವಾಷಿಂಗ್ಟನ್ ಊರು ಇರುವುದು ಇಂಗ್ಲೆಂಡಿನ ಉತ್ತರ ಭಾಗದಲ್ಲಿ, ಹಳೆಯ ಡರ್ಹಮ್ ಜಿಲ್ಲೆಯಲ್ಲಿ. 1183ರ ಹೊತ್ತಿಗೆ ಹಾರ್ಟ್‌ಬರ್ನ್‌ನ ವಿಲಿಯಮ್ ಎಂಬಾತ ತನ್ನ ಜಮೀನು ಬಿಟ್ಟುಕೊಟ್ಟು ಬದಲಿಗೆ ಈ ಊರನ್ನು ಪಡೆದ. ಊರು ಬದಲಾಯಿತು, ಮನೆತನದ ಹೆಸರೂ ವಾಷಿಂಗ್ಟನ್ ಅಂತ ಬದಲಾಯಿತು! (ಹಾರ್ಟ್‌ಬರ್ನ್ ಅಂದರೆ ಎದೆಯುರಿ ಅಲ್ಲ ಮತ್ತೆ, ಗಂಡು ಜಿಂಕೆಯ ಹಳ್ಳ.) ಆ ಮನೆತನದ ಜಾನ್ 1650ರ ದಶಕದಲ್ಲಿ ವರ್ಜೀನಿಯಾಕ್ಕೆ ಹೋದ. ಜಾರ್ಜ್ ವಾಷಿಂಗ್ಟನ್ ಅವನ ಮರಿಮಗ.

ನನಗೆ ಜಾಸ್ತಿ ಹಿಡಿಸಿದ್ದು ಮುಂದಿನ ಕಥೆ. 2000ದ ಅಮೆರಿಕ ಜನಗಣತಿಯಲ್ಲಿ ವಾಷಿಂಗ್ಟನ್ ಅಂತ ಮನೆತನದ ಹೆಸರು ಇರುವವರಲ್ಲಿ ಸುಮಾರು 90% ಕಪ್ಪು ಜನ. ಗುಲಾಮಗಿರಿ ಹೋದ ಮೇಲೆ ಎಷ್ಟೋ ಜನ ಈ ಹೆಸರು ಇಟ್ಟುಕೊಂಡರು. ಮುಂದೆ ಕಪ್ಪು ಜನರ ಹೆಸರಾಂತ ಶಿಕ್ಷಣತಜ್ಞನಾದ ಬುಕರ್ ಟಿ. ವಾಷಿಂಗ್ಟನ್ ಚಿಕ್ಕವನಾಗಿದ್ದಾಗ ಶಾಲೆಯಲ್ಲಿ ಹಾಜರಿ ಕರೆಯುತ್ತಿದ್ದರಂತೆ. ಉಳಿದ ಮಕ್ಕಳಿಗೆಲ್ಲ ಎರಡೆರಡು ಹೆಸರು, ಇವನಿಗೆ ಒಂದೇ. ತನ್ನ ಸರದಿ ಬಂದಾಗ ಸುಮ್ನೆ 'ಬುಕರ್ ವಾಷಿಂಗ್ಟನ್' ಅಂದುಬಿಟ್ಟ. ಅವನ ಮಲತಂದೆಯ ಹೆಸರು ವಾಷಿಂಗ್ಟನ್, ಅದೂ ಮನೆತನದ ಹೆಸರಲ್ಲ, ಕರೆಯುವ ಹೆಸರು.

ಜಾರ್ಜ್ ವಾಷಿಂಗ್ಟನ್ ಮನೆತನದ ಲಾಂಛನದ ಎರಡು ಕೆಂಪು ಪಟ್ಟಿ, ಮೂರು ನಕ್ಷತ್ರ ಇವತ್ತಿಗೂ ವಾಷಿಂಗ್ಟನ್ ಡಿ.ಸಿ. ಬಾವುಟದಲ್ಲಿವೆ, ನೋಡಿ.