ಏನಾದರೊಂದು ಕಾರಣ

ನಮ್ಮ ಕೋಲಾರದ ಕಡೆ ಜನ ನೀರಿಲ್ಲದೆ ನಾಲ್ಕು ದಿನ ಬೇಕಾದರೂ ಇರುತ್ತಾರೆ, ಅಭ್ಯಾಸವಾಗಿದೆ. ಕಾರಣ ಇಲ್ಲದೆ ಮಾತ್ರ ಒಂದು ಗಂಟೆ ಇರಲಾರರು. ಟೊಮೆಟೊ ಬೆಲೆ ಯಾಕೆ ಬಿತ್ತು, ಹಸು ಯಾಕೆ ಹಾಲು ಕಡಿಮೆ ಮಾಡಿತು, ಪಕ್ಕದ ಮನೆ ಹುಡುಗನಿಗೆ ಯಾಕೆ ಇನ್ನೂ ಹೆಣ್ಣು ಸಿಕ್ಕಿಲ್ಲ, ಎಲ್ಲದಕ್ಕೂ ಟೀ ಅಂಗಡಿ ಬೆಂಚಿನ ಮೇಲೆ ಕಾರಣ ರೆಡಿ ಇರುತ್ತದೆ. ಅದು ಸರಿಯೋ ತಪ್ಪೋ ಆಮೇಲಿನ ಮಾತು. ಮೊದಲು ಒಂದು ಇರಬೇಕು, ಅಷ್ಟೆ.

ಈಚೆಗೆ ಇಂಥ ಕಾರಣಗಳನ್ನೆಲ್ಲ ತಪಾಸಣೆ ಮಾಡುವ ಇನ್‌ಸ್ಪೆಕ್ಟರೊಬ್ಬ ನಮ್ಮಲ್ಲೇ ಹುಟ್ಟಿಕೊಂಡಿದ್ದಾನೆ. ಮುಳಬಾಗಿಲು ತಾಲ್ಲೂಕಿನಲ್ಲಿರುವ ನಮ್ಮ ಅಕ್ಕನ ಮಗ. ಸರ್ಕಾರಿ ಕೆಲಸದ ಪರೀಕ್ಷೆಗೆ ಓದುತ್ತಿದ್ದಾನೆ. ಅವನ ಗೈಡಿನಲ್ಲಿ ತಾರ್ಕಿಕ ಸಾಮರ್ಥ್ಯ ಅಂತ ಒಂದು ಭಾಗವಿದೆ. ಅದನ್ನಷ್ಟೇ ಓದಿಕೊಂಡಿದ್ದರೆ ಪರವಾಗಿರಲಿಲ್ಲ. ಮೊಬೈಲಿನಲ್ಲಿ ತರ್ಕದೋಷಗಳ ಪಾಠವನ್ನೂ ನೋಡಿಬಿಟ್ಟಿದ್ದಾನೆ. ಈಗ ಮನೆಯಲ್ಲಿ ಯಾರು ಬಾಯಿ ಬಿಟ್ಟರೂ 'ಅದು ಫ್ಯಾಲಸಿ' ಅನ್ನುತ್ತಾನೆ. ಅವರಪ್ಪ ಅದನ್ನು ಯಾವುದೋ ಕಾಯಿಲೆಯ ಹೆಸರು ಅಂದುಕೊಂಡಿದ್ದರಂತೆ.

ಒಂದು ಸಂಜೆ ಅವನು ಗೈಡಿನಿಂದ ಜೋರಾಗಿ ಓದಿದ: 'ಎಲ್ಲ ಪೆನ್ನುಗಳೂ ಮೇಜುಗಳು. ಎಲ್ಲ ಮೇಜುಗಳೂ ಮರಗಳು. ಆದ್ದರಿಂದ ಎಲ್ಲ ಪೆನ್ನುಗಳೂ ಮರಗಳು. ಸರಿಯೋ, ತಪ್ಪೋ?'

ದೊಡ್ಡಮ್ಮ ಪಕ್ಕದಲ್ಲೇ ಕೂತು ನೆನೆಸಿದ ಅವರೆಕಾಳು ಹಿದುಕುತ್ತಿದ್ದರು. ಹೆಬ್ಬೆರಳಿನಲ್ಲಿ ಒತ್ತಿದರೆ ಬೇಳೆ ಟಪ್ಪಂತ ಪಾತ್ರೆಗೆ ಹಾರುತ್ತದೆ, ಸಿಪ್ಪೆ ಬೆರಳಲ್ಲೇ ಉಳಿಯುತ್ತದೆ. ಕೈ ನಿಲ್ಲಿಸದೆ ಕೇಳಿದರು, 'ಪೆನ್ನು ಹೆಂಗಪ್ಪಾ ಮೇಜಾಗ್ತದೆ?'

'ಆಗುತ್ತೆ ಅಂತ ಇಟ್ಕೋ ಅಜ್ಜಿ.'

'ಇಟ್ಕೊಂಡೆ.'

'ಹಂಗಾದ್ರೆ ಪೆನ್ನು ಮರ ಆಗ್ಲೇಬೇಕು. ಉತ್ತರ ಸರಿ.'

'ಸರಿಹೋಯ್ತು. ಆ ಮರಕ್ಕೆ ನೀರು ಯಾರು ಹಾಕೋದು?'

ಹುಡುಗ ಹೇಳಿದ್ದರಲ್ಲಿ ತಪ್ಪೇನಿಲ್ಲ. ಈ ಲೆಕ್ಕವನ್ನು ಮೊದಲು ಕಟ್ಟುನಿಟ್ಟಾಗಿ ಬರೆದಿಟ್ಟವನು ಕ್ರಿಸ್ತಪೂರ್ವ 384ರಲ್ಲಿ ಹುಟ್ಟಿದ ಗ್ರೀಸಿನ ಅರಿಸ್ಟಾಟಲ್. ವಾದಕ್ಕೆ ಒಂದು ಅಚ್ಚು ಇದೆ ಅಂತ ಅವನು ತೋರಿಸಿದ. ಅಚ್ಚು ಸರಿಯಿದ್ದು, ಮೊದಲು ಇಟ್ಟ ಮಾತುಗಳೂ ನಿಜವಾಗಿದ್ದರೆ, ಕೊನೆಗೆ ಬರುವ ಮಾತು ನಿಜವಾಗಲೇಬೇಕು. ಪೆನ್ನಿನ ಪ್ರಶ್ನೆಯಲ್ಲಿ ಅಚ್ಚು ಸರಿಯಾಗಿದೆ, ಒಳಗೆ ಹಾಕಿದ ಮಾಲು ಮಾತ್ರ ಸುಳ್ಳು. ಪರೀಕ್ಷೆ ಮಾಡುವವರು ಬೇಕೆಂದೇ ಹೀಗೆ ಕೇಳುತ್ತಾರೆ. ನಮಗೆ ಗೊತ್ತಿರುವ ಲೋಕವನ್ನು ಪಕ್ಕಕ್ಕಿಟ್ಟು ಅಚ್ಚನ್ನಷ್ಟೇ ನೋಡುತ್ತೇವೋ ಇಲ್ಲವೋ ಅಂತ. ಕೆಲಸಕ್ಕೆ ಸೇರಿದ ಮೇಲೂ ಕೆಲವರು ಲೋಕವನ್ನು ಪಕ್ಕಕ್ಕೇ ಇಟ್ಟಿರುತ್ತಾರೆ, ಅದು ಬೇರೆ ವಿಷಯ.

ಆದರೆ ದೊಡ್ಡಮ್ಮನ ಪ್ರಶ್ನೆಯೂ ಸುಮ್ಮನೆ ತಳ್ಳಿಹಾಕುವಂಥದ್ದಲ್ಲ. ನಮ್ಮ ಹಳೇ ತರ್ಕಶಾಸ್ತ್ರವಾದ ನ್ಯಾಯಶಾಸ್ತ್ರದ ಗೌತಮ ಅವರ ಪಕ್ಷ. ಅವನ ಅನುಮಾನಕ್ಕೆ, ಅಂದರೆ ಕಂಡದ್ದರಿಂದ ಕಾಣದ್ದನ್ನು ತಿಳಿಯುವುದಕ್ಕೆ, ಐದು ಮೆಟ್ಟಿಲು. ಆ ಗುಡ್ಡದಲ್ಲಿ ಬೆಂಕಿ ಇದೆ. ಯಾಕೆಂದರೆ ಹೊಗೆ ಕಾಣುತ್ತಿದೆ. ಎಲ್ಲಿ ಹೊಗೆಯೋ ಅಲ್ಲಿ ಬೆಂಕಿ, ಅಡುಗೆಮನೆಯಲ್ಲಿ ನೋಡಿದ ಹಾಗೆ. ಈ ಗುಡ್ಡದಲ್ಲೂ ಅಂಥದೇ ಹೊಗೆ. ಆದ್ದರಿಂದ ಬೆಂಕಿ ಇದೆ. ಮೂರನೇ ಮೆಟ್ಟಿಲಲ್ಲಿ ಅಡುಗೆಮನೆ ಬಂತು ನೋಡಿ, ಅದಕ್ಕೆ ಉದಾಹರಣೆ ಅಂತ ಹೆಸರು. ವಾದ ಮಾಡುವ ಇಬ್ಬರೂ ಕಣ್ಣಾರೆ ಕಂಡು ಒಪ್ಪಿಕೊಂಡದ್ದು ಅಲ್ಲಿ ಒಂದಾದರೂ ಇರಬೇಕು. ಬರೀ 'ಇಟ್ಕೋ' ಅಂದರೆ ನಡೆಯುವುದಿಲ್ಲ. ಮೇಜಾಗಿರುವ ಪೆನ್ನನ್ನು ಯಾರೂ ಯಾವ ಅಡುಗೆಮನೆಯಲ್ಲೂ ಕಂಡಿಲ್ಲ.

ಆ ಶಾಸ್ತ್ರದವರು ಅಡುಗೆಮನೆಗೆ ಬಂದು ಹಾಗೇ ಹೋದವರೂ ಅಲ್ಲ. ಹೊಗೆ ಇದ್ದಲ್ಲಿ ಬೆಂಕಿ ಸರಿ, ಬೆಂಕಿ ಇದ್ದಲ್ಲೆಲ್ಲ ಹೊಗೆ ಇರುತ್ತದೆಯೇ ಅಂತ ಕೇಳಿಕೊಂಡರು. ಇಲ್ಲ. ಕಾದು ಕೆಂಪಾದ ಕಬ್ಬಿಣದ ಗುಂಡಿನಲ್ಲಿ ಬೆಂಕಿ ಇದೆ, ಹೊಗೆ ಇಲ್ಲ. ಹಾಗಾದರೆ ಹೊಗೆ ಬರುವುದು ಯಾವಾಗ? ಸೌದೆ ಹಸಿ ಇದ್ದಾಗ. ಈ ಹಸಿ ಸೌದೆಗೆ ಅವರು ಉಪಾಧಿ ಅಂತ ಹೆಸರಿಟ್ಟರು. ಎರಡು ಸಂಗತಿ ಸದಾ ಜೊತೆಗಿರುವಂತೆ ಕಂಡರೆ ನಡುವೆ ಎಲ್ಲಾದರೂ ಹಸಿ ಸೌದೆ ಅಡಗಿದೆಯಾ ನೋಡಬೇಕಂತೆ. ದೊಡ್ಡಮ್ಮನಿಗೆ ಇದನ್ನು ಹೇಳಿದೆ. ಮಳೆಗಾಲದಲ್ಲಿ ಊದುಗೊಳವೆ ಹಿಡಿದು ಕಣ್ಣು ಕೆಂಪಗೆ ಮಾಡಿಕೊಂಡ ಯಾವ ಹೆಂಗಸನ್ನು ಕೇಳಿದ್ದರೂ ಹೇಳುತ್ತಿದ್ದಳು, ಅದಕ್ಕೆ ಶಾಸ್ತ್ರ ಯಾಕೆ ಅಂದರು.

ಭಾವ ಟೊಮೆಟೊ ಬೆಳೆಯುತ್ತಾರೆ. 2023ರ ಜುಲೈನಲ್ಲಿ ಕೋಲಾರದ ಮಾರುಕಟ್ಟೆಯಲ್ಲಿ 15 ಕೆ.ಜಿ. ಬಾಕ್ಸಿನ ಬೆಲೆ ಎರಡು ಸಾವಿರ ರೂಪಾಯಿ ದಾಟಿದ್ದು ಎಲ್ಲರಿಗೂ ನೆನಪಿದೆ. ಅದನ್ನು ನೋಡಿ ಸುತ್ತಮುತ್ತ ಸಿಕ್ಕ ಜಾಗದಲ್ಲೆಲ್ಲ ಟೊಮೆಟೊ ನಾಟಿ ಮಾಡಿದರು. ಒಬ್ಬ ಬೆಳೆದರೆ ಲಾಭ, ಆದ್ದರಿಂದ ಎಲ್ಲರೂ ಬೆಳೆದರೆ ಎಲ್ಲರಿಗೂ ಲಾಭ. ಬಿಡಿಗೆ ಒಪ್ಪುವುದು ಇಡಿಗೂ ಒಪ್ಪುತ್ತದೆ ಅನ್ನುವ ಈ ದೋಷದ ಪರಿಣಾಮವನ್ನು ಆಮೇಲೆ ರಸ್ತೆ ಬದಿಯಲ್ಲಿ ಸುರಿದ ಹಣ್ಣಿನ ರಾಶಿಯಲ್ಲಿ ನೋಡಬಹುದು.

ಆದರೂ ಭಾವ ಬಿಡಲಿಲ್ಲ. 'ಸಾಲಾಗಿ ಬೆಲೆ ಬಿದ್ದಿದೆ, ಈ ಸಲ ಏಳಲೇಬೇಕು' ಅಂದರು. ಹುಡುಗನಿಗೆ ಹಬ್ಬ. 'ಜೂಜುಗಾರನ ಫ್ಯಾಲಸಿ ಅಪ್ಪ ಇದು' ಅಂತ ಕಥೆ ಶುರು ಮಾಡಿದ. 1913ರ ಆಗಸ್ಟ್ 18ರಂದು ಮಾಂಟೆ ಕಾರ್ಲೊ ಜೂಜುಕಟ್ಟೆಯಲ್ಲಿ ರೂಲೆಟ್ ಚಕ್ರದ ಗುಂಡು ಸತತ 26 ಸಲ ಕಪ್ಪು ಮನೆಗೇ ಬಿತ್ತು. ಇಷ್ಟು ಸಲ ಕಪ್ಪು ಬಂದಿದೆ, ಇನ್ನು ಕೆಂಪು ಬರಲೇಬೇಕು ಅಂತ ಜನ ದುಡ್ಡು ಕಟ್ಟುತ್ತಾ ಹೋಗಿ ಮುಳುಗಿದರು. ಚಕ್ರಕ್ಕೆ ಹಿಂದಿನದರ ನೆನಪಿಲ್ಲ, ಪ್ರತಿ ಸಲವೂ ಹೊಸದು.

ಭಾವ ಪೂರ್ತಿ ಕೇಳಿಸಿಕೊಂಡರು. 'ಚಕ್ರಕ್ಕೆ ನೆನಪಿಲ್ಲ ಕಣೋ, ರೈತನಿಗೆ ಇದೆ. ಬೆಲೆ ಬಿದ್ದರೆ ಅರ್ಧ ಜನ ಮುಂದಿನ ಸಲ ಟೊಮೆಟೊ ಹಾಕಲ್ಲ. ಮಾಲು ಕಡಿಮೆ ಆಗುತ್ತೆ. ಬೆಲೆ ಏಳುತ್ತೆ. ಇದರಲ್ಲಿ ಜೂಜೆಲ್ಲಿ ಬಂತು?'

ನನಗೇನೋ ಭಾವನ ಮಾತೇ ಗಟ್ಟಿ ಅನ್ನಿಸಿತು. ಏಳಲೇಬೇಕು ಅನ್ನುವ 'ಲೇಬೇಕು' ಒಂದು ಜಾಸ್ತಿಯಾಯಿತು, ಅಷ್ಟೆ. ಫ್ಯಾಲಸಿಗಳ ಹೆಸರು ಕಲಿತವರ ತೊಂದರೆ ಇದು. ಹೆಸರು ನಾಲಿಗೆ ತುದಿಯಲ್ಲಿರುತ್ತದೆ, ಎದುರಿನವರು ಮಾತು ಮುಗಿಸುವ ಮೊದಲೇ ಹಣೆಗೆ ಹಚ್ಚಿಬಿಡುತ್ತಾರೆ. ಮಂಡಿಯವರು 'ಇವತ್ತೇ ಮಾರಿಬಿಡಿ, ನಾಳೆ ಬೆಲೆ ಬೀಳುತ್ತೆ' ಅಂದಾಗ ಅವರಿಗೇನು ಲಾಭ ಅಂತ ಭಾವ ಯೋಚಿಸುತ್ತಾರೆ. ಹುಡುಗನ ಲೆಕ್ಕದಲ್ಲಿ ಅದೂ ದೋಷವೇ, ಮಾತನ್ನು ಬಿಟ್ಟು ಆಡಿದವನ ಮೇಲೆ ಹೋದ ಹಾಗಂತೆ. ಮಂಡಿಯವರು ಕಾರಣ ಕೊಟ್ಟಿದ್ದರೆ ಆ ಕಾರಣವನ್ನು ನೋಡಬೇಕು, ನಿಜ. ಬರೀ ಮಾತು ಕೊಟ್ಟಾಗ ಆಡಿದವರನ್ನು ನೋಡದೆ ಇನ್ನೇನು ಮಾಡುವುದು? ನ್ಯಾಯಶಾಸ್ತ್ರದವರು ಆಪ್ತರ ಮಾತನ್ನು ಪ್ರಮಾಣ ಅಂತ ಒಪ್ಪುತ್ತಾರೆ. ಆಪ್ತ ಯಾರು ಅಂದರೆ, ವಿಷಯ ಬಲ್ಲವನು, ಬಲ್ಲದ್ದನ್ನು ಇದ್ದ ಹಾಗೆ ಹೇಳುವವನು. ಮಂಡಿಯವರು ಮೊದಲನೆಯದರಲ್ಲಿ ಪಾಸ್.

ಮುಳಬಾಗಿಲಿನ ನೆಲಕ್ಕೂ ವಾದಕ್ಕೂ ಹಳೇ ನಂಟು. ಹದಿನಾಲ್ಕನೇ ಶತಮಾನದಲ್ಲಿ ಅದ್ವೈತದ ವಿದ್ಯಾರಣ್ಯರಿಗೂ ದ್ವೈತದ ಅಕ್ಷೋಭ್ಯತೀರ್ಥರಿಗೂ ಇಲ್ಲಿ ವಾದ ನಡೆಯಿತು, ವೇದಾಂತ ದೇಶಿಕರು ತೀರ್ಪು ಕೊಟ್ಟರು ಅಂತ ಪ್ರತೀತಿ. ಅಕ್ಷೋಭ್ಯರು ವಿದ್ಯಾರಣ್ಯವೆಂಬ ಮಹಾರಣ್ಯವನ್ನು ಕತ್ತರಿಸಿದರು ಅಂತ ಮಾಧ್ವರಲ್ಲಿ ಒಂದು ಶ್ಲೋಕವಿದೆ. ವಿದ್ಯಾರಣ್ಯರೇ ಅಕ್ಷೋಭ್ಯರನ್ನು ಅಲುಗಾಡಿಸಿದರು ಅಂತ ಅದ್ವೈತಿಗಳಲ್ಲೂ ಒಂದಿದೆ. ಇದೇ ಊರಿನ ಶ್ರೀಪಾದರಾಜರ ಹತ್ತಿರ ಓದಿದ ವ್ಯಾಸತೀರ್ಥರು ಮುಂದೆ ತರ್ಕದಲ್ಲಿ ದೊಡ್ಡ ಹೆಸರಾದರು. ಹಳಬರು ಚರ್ಚೆಯಲ್ಲಿ ಮೂರು ಬಗೆ ಹೇಳುತ್ತಾರೆ. ನಿಜ ತಿಳಿಯಲು ಮಾಡುವುದು ವಾದ, ಗೆಲ್ಲಲು ಮಾಡುವುದು ಜಲ್ಪ, ತನ್ನದು ಅಂತ ಏನನ್ನೂ ಹೇಳದೆ ಎದುರಿನವನದನ್ನು ಕೆಡವುತ್ತಾ ಹೋಗುವುದು ವಿತಂಡ. ನಮ್ಮ ಕುಟುಂಬದ ವಾಟ್ಸಾಪ್ ಗ್ರೂಪಿನಲ್ಲಿ ಮೊದಲನೆಯದೊಂದನ್ನು ಬಿಟ್ಟು ಉಳಿದೆರಡೂ ಇವೆ.

ಇಷ್ಟೆಲ್ಲ ತರ್ಕ ಕಂಡ ನೆಲದಲ್ಲಿ ಬೋರ್‌ವೆಲ್‌ಗೆ ಪಾಯಿಂಟ್ ಮಾಡುವುದನ್ನು ನೋಡಬೇಕು. ಪಾಯಿಂಟ್ ಮಾಡುವವರು ಅಂಗೈ ಮೇಲೆ ತೆಂಗಿನಕಾಯಿ ಮಲಗಿಸಿಕೊಂಡು ಹೊಲದಲ್ಲಿ ಮೆಲ್ಲಗೆ ನಡೆಯುತ್ತಾರೆ. ಹಿಂದೆ ಮನೆಮಂದಿಯೆಲ್ಲ ಉಸಿರು ಬಿಗಿಹಿಡಿದು ಹೋಗುತ್ತಾರೆ. ಒಂದು ಕಡೆ ಕಾಯಿ ಎದ್ದು ನಿಲ್ಲುತ್ತದೆ. ಅಲ್ಲಿ ಒಂದು ಕಲ್ಲಿಟ್ಟು ಅರಿಸಿನ ಕುಂಕುಮ ಹಚ್ಚುತ್ತಾರೆ. ತಮಿಳುನಾಡಿನ ಲಾರಿ ಬಂದು ಕೊರೆಯಲು ಶುರು ಮಾಡುತ್ತದೆ. ಬಿಳೀ ಕಲ್ಲುಪುಡಿ ಎದ್ದು ಸುತ್ತ ನಿಂತವರ ತಲೆ, ಹುಬ್ಬು, ಮೀಸೆಯೆಲ್ಲ ಬೆಳ್ಳಗಾಗುತ್ತದೆ. ಹೊಸದಾಗಿ ಮದುವೆಯಾದವನೂ ಅಜ್ಜನಂತೆ ಕಾಣುತ್ತಾನೆ. ಎಲ್ಲರ ಕಣ್ಣೂ ಆ ಪುಡಿಯ ಮೇಲೆ. ಅದು ಒದ್ದೆಯಾದರೆ ಬದುಕಿದೆವು.

ನೀರು ಬಿದ್ದರೆ ಪಾಯಿಂಟ್ ಸರಿ. ಬೀಳದಿದ್ದರೆ? ಲಾರಿಯವರು ಕಲ್ಲಿನಿಂದ ಎರಡಡಿ ಆಚೆ ಇಟ್ಟರು. ಇನ್ನು ಐವತ್ತಡಿ ಹೋಗಿದ್ದರೆ ಸಿಗುತ್ತಿತ್ತು. ಪಕ್ಕದವರು ಆಳಕ್ಕೆ ಕೊರೆಸಿ ಸೆಲೆ ಎಳೆದುಕೊಂಡರು. ಏನೇ ಆದರೂ ತಪ್ಪಾಗದ ಮಾತು ವಿಜ್ಞಾನದ ಮಾತಲ್ಲ ಅಂತ ತತ್ವಜ್ಞಾನಿ ಕಾರ್ಲ್ ಪಾಪರ್ ಹೇಳಿದ. ತೆಂಗಿನಕಾಯಿ ಅವನನ್ನು ಓದಿಲ್ಲ. ನೀರು ಬಿದ್ದ ಬೋರಿನ ಪಕ್ಕ ಪಂಪ್ ಮನೆ ಎದ್ದಿರುತ್ತದೆ, ದಾರಿಹೋಕರಿಗೆಲ್ಲ ಕಾಣುತ್ತದೆ. ಬೀಳದ್ದರ ಬಾಯಿ ಮುಚ್ಚಿ ಮೇಲೆ ಹುಲ್ಲು ಬೆಳೆದಿರುತ್ತದೆ. ಲೆಕ್ಕಕ್ಕೆ ಸಿಗುವುದೆಲ್ಲ ಗೆದ್ದವೇ.

ಇದನ್ನೆಲ್ಲ ಹುಡುಗ ಸರಿಯಾಗಿಯೇ ವಿವರಿಸುತ್ತಾನೆ. ಸಾವಿರ ಅಡಿ ಆದ ಮೇಲೂ 'ಇಲ್ಲಿಗೆ ನಿಲ್ಲಿಸಿದರೆ ಹಾಕಿದ ದುಡ್ಡೆಲ್ಲ ಹೋಯ್ತಲ್ಲ' ಅಂತ ಇನ್ನೂ ಕೊರೆಸುವುದಕ್ಕೂ ಅವನ ಹತ್ತಿರ ಒಂದು ಹೆಸರಿದೆ. ಆದರೆ ಸಾಲ ಮಾಡಿ ಕೊರೆಸಿ ಬರೀ ಧೂಳು ಕಂಡ ರೈತನಿಗೆ 'ಪಾಯಿಂಟ್ ತಪ್ಪಾಯ್ತು' ಅನ್ನುವುದರಲ್ಲಿ ಒಂದು ಆಸರೆ ಇದೆ. ಪಾಯಿಂಟ್ ತಪ್ಪಾಗಿದ್ದರೆ ಸರಿಯಾದ ಪಾಯಿಂಟ್ ಎಲ್ಲೋ ಇದೆ ಅಂತಾಯ್ತು. ಬರುವ ವರ್ಷ ನೋಡೋಣ ಅನ್ನಬಹುದು. ಈ ಗಟ್ಟಿ ಕಲ್ಲಿನ ನೆಲದಲ್ಲಿ ನೀರು ಬಿರುಕುಗಳಲ್ಲಷ್ಟೇ ಇರುವುದು, ಆ ಬಿರುಕೂ ನಿನ್ನ ಹೊಲದ ಕೆಳಗೆ ಇಲ್ಲದಿರಬಹುದು ಅನ್ನುವುದು ಹೆಚ್ಚು ಸರಿಯಾದ ಕಾರಣ. ಅದನ್ನು ಇಟ್ಟುಕೊಂಡು ರಾತ್ರಿ ನಿದ್ದೆ ಮಾಡುವುದು ಕಷ್ಟ. ತಪ್ಪು ಕಾರಣಗಳು ಇಷ್ಟು ದಿನ ಬಾಳುವುದು ಜನ ದಡ್ಡರು ಅಂತಲ್ಲ, ಅವು ಮನೆಯಲ್ಲಿ ಒಂದಲ್ಲ ಒಂದು ಕೆಲಸ ಮಾಡುತ್ತಿರುತ್ತವೆ.

ಕೊನೆಗೆ ಭಾವನೂ ಬೋರ್ ಹಾಕಿಸಿದರು. ಮಗನ ಮಾತಿಗೆ ಬೆಲೆ ಕೊಟ್ಟು ಮೆಷಿನ್ ಇಟ್ಟು ನೋಡುವ ಭೂವಿಜ್ಞಾನದವರನ್ನು ಕರೆಸಿದರು. ದೊಡ್ಡಮ್ಮನ ಮಾತಿಗೆ ಬೆಲೆ ಕೊಟ್ಟು ತೆಂಗಿನಕಾಯಿಯವರನ್ನೂ ಕರೆಸಿದರು. ಇಬ್ಬರ ಪಾಯಿಂಟಿಗೂ ಮೂವತ್ತಡಿ ಅಂತರ ಬಂತು. ಭಾವ ಟೇಪು ಹಿಡಿದು ಅಳೆದು ಸರಿಯಾಗಿ ನಡುವೆ ಕಲ್ಲಿಟ್ಟರು.

'ಅಪ್ಪಾ, ಎರಡು ಮಾತಿನ ನಡುವೆ ಇರೋದೇ ಸತ್ಯ ಅನ್ನೋದು ಎಲ್ಲಕ್ಕಿಂತ ದೊಡ್ಡ ಫ್ಯಾಲಸಿ!' ಅಂತ ಹುಡುಗ ಕೂಗಿಕೊಂಡ. ಲಾರಿಯ ಸದ್ದಿನಲ್ಲಿ ಯಾರಿಗೂ ಕೇಳಿಸಲಿಲ್ಲ.

ನೀರು ಬಿತ್ತು. ಒಂದೂವರೆ ಇಂಚು. ನಮ್ಮ ಪಾಯಿಂಟಿನ ಸೆಲೆಯೇ ಇಲ್ಲಿಗೆ ಬಂದಿದೆ ಅಂತ ತೆಂಗಿನಕಾಯಿಯವರು ಹೇಳಿದರು. ನಾವು ತೋರಿಸಿದ ಬಿರುಕೇ ಇದು ಅಂತ ಮೆಷಿನ್‌ನವರೂ ಹೇಳಿದರು. ಪಕ್ಕದ ತೋಟದವರು ಇಬ್ಬರ ಫೋನ್ ನಂಬರನ್ನೂ ಬರೆದುಕೊಂಡು ಹೋಗಿದ್ದಾರೆ. ಜೊತೆಗೆ ನಮ್ಮ ಭಾವನ ಟೇಪೂ ಬೇಕಂತೆ.