ನಡುರಾತ್ರಿಯ ನೆಂಟರು, ಜಿಪಿಎಸ್ ಸಮೇತ

ಹಗಲಲ್ಲಿ ದೂರು ಹಿಡಿದು ಹೋದರೆ ಬೆಂಚಿನಲ್ಲಿ ಕೂರಿಸುವ ಪೊಲೀಸರು, ರಾತ್ರಿ ತಾವಾಗಿ ಮನೆ ಹುಡುಕಿಕೊಂಡು ಬಂದು, ಎಬ್ಬಿಸಿ, ಜಗಲಿಯಲ್ಲಿ ನಿಲ್ಲಿಸಿ, ಜಾಗದ ಗುರುತು ಬೀಳುವ ಜಿಪಿಎಸ್ ಫೋಟೊ ತೆಗೆದು ಹೋಗುತ್ತಾರೆ. ಎಂಥ ಕಾಳಜಿ! ಬಂದವರಿಗೆ ಬೆಲ್ಲ-ನೀರು ಕೊಡುವ ಊರು ನಮ್ಮದು. ಯಜಮಾನನಿಗೆ ಅಂಗಿ ಹಾಕಿಕೊಳ್ಳಲಿಕ್ಕೂ ಪುರುಸೊತ್ತು ಸಿಗುವುದಿಲ್ಲ ಎಂಬುದೊಂದೇ ಬೇಸರ.

ಯಾವ ಸೆಕ್ಷನ್ ಮಾರಾಯ್ರೆ ಎಂದರೆ, "ಮೇಲಿನವರ ಆರ್ಡರ್". ಖರಕ್ ಸಿಂಗ್ ಪ್ರಕರಣದಲ್ಲಿ ಉತ್ತರ ಪ್ರದೇಶ ಪೊಲೀಸರ ಇಂಥದೇ ರಾತ್ರಿ ಭೇಟಿಯ ನಿಯಮವನ್ನು ಸುಪ್ರೀಂ ಕೋರ್ಟ್ 1962ರಲ್ಲೇ ರದ್ದು ಮಾಡಿದೆ. ಸುದ್ದಿ ಘಾಟಿ ಇಳಿದು ಬರಲಿಕ್ಕೆ ಸ್ವಲ್ಪ ಹೊತ್ತು ಬೇಕಲ್ಲ.

ವಾರಂಟ್ ಇಲ್ಲದೆ ಬರಲೇಬಾರದು ಎಂದಲ್ಲ. ಬಂಧಿಸಬೇಕಾದವ ಒಳಗಿದ್ದಾನೆಂದು ನಂಬಲು ಕಾರಣವಿದ್ದರೆ ಬಿಎನ್‌ಎಸ್‌ಎಸ್ (ಭಾರತೀಯ ನಾಗರಿಕ ಸುರಕ್ಷಾ ಸಂಹಿತೆ) ಸೆಕ್ಷನ್ 44ರಡಿ ಬರಬಹುದು. ಬಾಗಿಲು ತೆರೆಯದಿದ್ದರೆ ಒಡೆಯಲೂಬಹುದು. ಅಡ್ಡ ನಿಂತು ಇನ್ನೊಂದು ಕೇಸು ಹಾಕಿಸಿಕೊಳ್ಳಬೇಡಿ. ವಸ್ತು ಹುಡುಕಲಿಕ್ಕೆ 185 ಉಂಟು. ಆದರೆ ಯಾವ ವಸ್ತು, ಯಾಕೆ ತಡೆಯಲಾಗದಷ್ಟು ಅವಸರ ಎಂದು ತನಿಖಾಧಿಕಾರಿ ಮೊದಲೇ ಕೇಸ್ ಡೈರಿಯಲ್ಲಿ ಬರೆಯಬೇಕು, ಅದರ ಪ್ರತಿ 48 ಗಂಟೆಯೊಳಗೆ ಮ್ಯಾಜಿಸ್ಟ್ರೇಟರಿಗೆ ಹೋಗಬೇಕು. 105ರ ಪ್ರಕಾರ ಶೋಧ, ಜಪ್ತಿ, ಪಟ್ಟಿಗೆ ಸಹಿ ಎಲ್ಲವೂ ವಿಡಿಯೊ ಆಗಬೇಕು. ಜಗಲಿಯ ಫೋಟೊಗೆ ಶೇಕಡಾ 100 ಇದ್ದ ಬ್ಯಾಟರಿ, ಕಪಾಟು ತೆರೆಯುವಾಗ ಸತ್ತು ಹೋಗುತ್ತದೆ.

ಇನ್ನು ಪಂಚರು, ಅಂದರೆ ಶೋಧಕ್ಕೆ ಸಾಕ್ಷಿ ನಿಲ್ಲುವವರು. ಕಾನೂನು ಕೇಳುವುದು ಆಸುಪಾಸಿನ ಇಬ್ಬರು ಸ್ವತಂತ್ರ, ಗೌರವಸ್ಥ ನಿವಾಸಿಗಳನ್ನು. ಬರುವವರು ಜೀಪಿನ ಹಿಂದಿನ ಸೀಟಿನಿಂದ ಇಳಿಯುವ ಖಾಯಂ ಗೌರವಸ್ಥರು. ಅಟ್ಟ ಹತ್ತದೆ ಅಟ್ಟದ ಮಹಜರಿಗೆ ಸಹಿ ಹಾಕುವ ಪ್ರತಿಭೆ ಅವರದು. ವರ್ಷಗಳ ಮೇಲೆ ಪಾಟೀಸವಾಲಿನಲ್ಲಿ ವಕೀಲರು "ಮನೆಗೆ ಹಿಂಬಾಗಿಲು ಉಂಟಾ?" ಎಂದು ಕೇಳಿದರೆ ಗೌರವಸ್ಥರು ಸರಕಾರಿ ವಕೀಲರ ಮುಖ ನೋಡುತ್ತಾರೆ.

ನಗಬಹುದು, ಆದರೆ ಸಾಕಾಗಿದೆ. ಶೋಧ ಅಕ್ರಮವಾದರೂ ಸಿಕ್ಕಿದ ವಸ್ತು ಸಾಕ್ಷ್ಯದಿಂದ ತಾನಾಗಿ ಹೊರಬೀಳುವುದಿಲ್ಲ. ಸುಪ್ರೀಂ ಕೋರ್ಟಿನ ಪೂರಣ್ ಮಲ್ ತೀರ್ಪಿನಿಂದ ಹಾಗೆಯೇ ನಡೆದಿದೆ. ಮತ್ತೆ ನಿಯಮ ಪಾಲಿಸುವ ದರ್ದು ಯಾರಿಗೆ? ಹಾಗಾಗಿ ಆ ರಾತ್ರಿಯೇ ನೋಡಿಕೊಳ್ಳಬೇಕು. ಎದೆಯ ಮೇಲಿನ ಹೆಸರು, ಬಂದ ಹೊತ್ತು ಬರೆದಿಟ್ಟುಕೊಳ್ಳಿ. ಹುಡುಕುವಾಗ ಜೊತೆಗೇ ಇರಿ, ಅದು 103ರ ಹಕ್ಕು. ಹೆಂಗಸರ ಮೈತಪಾಸಣೆ ಹೆಂಗಸರೇ ಮಾಡಬೇಕು. ಖಾಲಿ ಹಾಳೆಗೆ ಸಹಿ ಬೇಡ. ಜಪ್ತಿ ಪಟ್ಟಿಯ ಪ್ರತಿ ಕೈಗೆ ಬರುವವರೆಗೆ ಬಿಡಬೇಡಿ. ಡೈರಿಯಲ್ಲಿ ಬರೆದ ಕಾರಣದ ಪ್ರತಿಯೂ ಮ್ಯಾಜಿಸ್ಟ್ರೇಟರಿಗೆ ಅರ್ಜಿ ಕೊಟ್ಟರೆ ಧರ್ಮಕ್ಕೆ ಸಿಗುತ್ತದೆ, ಬರೆದಿದ್ದರೆ.